ನಾಲ್ಕು ಬಾಗಿಲಿಗೆ ತೇಗ ತರಲು ಕಲಾಸಿಪಾಳ್ಯಕ್ಕೆ

ಒದ್ದೆ ಕರವಸ್ತ್ರ ನಾಲ್ಕು ಮಡಿಕೆಯಾಗಿ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತಿತ್ತು. ಡಬ್ಬಿಯಲ್ಲಿ ಹಿಂದಿನ ದಿನದವರೆಗೆ ಚಟ್ನಿಪುಡಿ ಇತ್ತು. ಅತ್ತೆ ಅದನ್ನು ಎರಡು ಸಲ ತೊಳೆದಿದ್ದರು. ಆದರೂ ಮುಚ್ಚಳ ತೆಗೆದಾಗಲೆಲ್ಲ ಇಂಗಿನ ವಾಸನೆ ಮೊದಲು ಹೊರಗೆ ಬರುತ್ತಿತ್ತು, ಕರವಸ್ತ್ರ ಆಮೇಲೆ.

ಅದು ವೆನೀರ್ ಒರೆಸುವುದಕ್ಕೆ. ಮರದ ದಿಮ್ಮಿಯನ್ನು ಕಾಗದದಷ್ಟು ತೆಳ್ಳಗೆ ಸೀಳಿ ಪ್ಲೈವುಡ್ಡಿನ ಮೇಲೆ ಅಂಟಿಸಿದರೆ ವೆನೀರ್ ಹಾಳೆ. ಎಂಟಡಿ ಉದ್ದ, ನಾಲ್ಕಡಿ ಅಗಲ. ಅಂಗಡಿಯಲ್ಲಿ ಅದು ನಿದ್ದೆಯಿಂದ ಎದ್ದ ಮುಖದಂತೆ ಮಂಕಾಗಿರುತ್ತದೆ. ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿದರೆ, ಪಾಲಿಶ್ ಆದ ಮೇಲೆ ಬರುವ ಬಣ್ಣ ಒಂದು ನಿಮಿಷ ತೋರಿ ಮಾಯವಾಗುತ್ತದೆ. ಈ ಉಪಾಯ ಹೇಳಿಕೊಟ್ಟವರು ನಮ್ಮ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಬಡಗಿ ಮುನಿರಾಜು. ಅಂಗಡಿಯಲ್ಲಿ ನೀರೂ ಬಟ್ಟೆಯೂ ಇರುತ್ತವೆ ಎಂದೂ ಅವರು ಹೇಳಿದ್ದರು. ಅತ್ತೆಗೆ ಅಂಗಡಿಯವರ ನೀರಿನ ಮೇಲೆ ನಂಬಿಕೆ ಇರಲಿಲ್ಲ.

ಮಲ್ಲೇಶ್ವರದ ನಮ್ಮ ಮನೆಯ ಹಜಾರ ರೈಲಿನ ಬೋಗಿಯಂತೆ ಉದ್ದ. ಮುಂದಿನ ತುದಿಯಲ್ಲಿ ಅತ್ತೆಯ ಟಿವಿ, ಹಿಂದಿನ ತುದಿಯಲ್ಲಿ ನನ್ನ ಮಂಚ. ನಡುವೆ ಏನೂ ಇಲ್ಲ. ನಾನು ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಸಂಜೆ ಉತ್ತರಪತ್ರಿಕೆ ತಿದ್ದುವಾಗ ಧಾರಾವಾಹಿಯ ಸೊಸೆ ಅಳತೊಡಗಿದರೆ ನನ್ನ ಕೈಯಿಂದ ಅಂಕ ಹೆಚ್ಚು ಬೀಳುತ್ತದೆ ಎಂಬ ಅನುಮಾನ ನನಗಿದೆ. ನನಗೆ ಇಪ್ಪತ್ತೊಂಬತ್ತು ವರ್ಷ. ಈವರೆಗೆ ನಾನು ಒಳಗಿನಿಂದ ಮುಚ್ಚಿಕೊಂಡಿರುವ ಬಾಗಿಲೆಂದರೆ ಬಚ್ಚಲಮನೆಯದು ಮಾತ್ರ, ಅಲ್ಲಿಯೂ ಹೊರಗಿನಿಂದ ಪ್ರಶ್ನೆಗಳು ಬರುತ್ತವೆ.

ಹಾಗಾಗಿ ಹಜಾರಕ್ಕೆ ಅಡ್ಡಲಾಗಿ, ನೆಲದಿಂದ ಸೂರಿನವರೆಗೆ ಕಪಾಟುಗಳದ್ದೇ ಒಂದು ಗೋಡೆ ಮಾಡಿಸುವುದೆಂದು ತೀರ್ಮಾನವಾಯಿತು. ಹಜಾರದ ಕಡೆಗೆ ಸಾಲಾಗಿ ನಾಲ್ಕು ಬಾಗಿಲು: ಮೂರು ಕಪಾಟಿನವು, ನಾಲ್ಕನೆಯದು ನಾನು ಓಡಾಡುವುದು. ಗೋಡೆಯ ಬೆನ್ನ ಹಿಂದೆ ನನ್ನ ಕೋಣೆ. ಮುನಿರಾಜು ಪ್ಲೈವುಡ್ಡಿನ ಚೌಕಟ್ಟು ನಿಲ್ಲಿಸಿ, ಬೋಳು ಬಾಗಿಲುಗಳನ್ನೂ ಕತ್ತರಿಸಿಟ್ಟರು. ಮೇಲೆ ಅಂಟಿಸುವ ವೆನೀರ್ ಯಾವ ಮರದ್ದು ಎಂದು ಕೇಳಿದರು. ಅಮ್ಮ "ತೇಗ" ಅಂದರು. ಅದೇ ಉಸಿರಿಗೆ ಅತ್ತೆ "ಬೀಟೆ" ಅಂದರು.

ಅತ್ತೆ ಅಪ್ಪನ ಅಕ್ಕ, ಅಂಚೆ ಕಚೇರಿಯಲ್ಲಿ ಕೌಂಟರಿನ ಹಿಂದೆ ಕೂತು ನಿವೃತ್ತರಾದವರು. ತಮ್ಮ ತಂದೆಯ ಕಾಲದ ಬೀಟೆಯ ಕುರ್ಚಿಯನ್ನು ನೆನೆದು ಈಗಲೂ ನಿಟ್ಟುಸಿರು ಬಿಡುತ್ತಾರೆ. ಅಮ್ಮನ ಪ್ರಕಾರ ಆ ಕುರ್ಚಿಯಲ್ಲಿ ಯಾರಿಗೂ ಕೂರಲು ಆಗುತ್ತಿರಲಿಲ್ಲ. ಇದನ್ನು ಅಮ್ಮ ಬಾಯಿಬಿಟ್ಟು ಹೇಳಿದ ದಿನದಿಂದ ಇಬ್ಬರ ನಡುವೆ ನೇರ ಮಾತು ನಿಂತು ಮೂರು ವಾರವಾಗಿತ್ತು. ನಡುವಿನ ಮಾತೆಲ್ಲ ನನ್ನ ಮೂಲಕ ಹೋಗುತ್ತಿತ್ತು. ಅಷ್ಟರಲ್ಲಿ ಚೌಕಟ್ಟಿನ ಮೇಲಿನ ಅರೆಯಲ್ಲಿ ಅತ್ತೆಯ ಟವೆಲ್ ಒಣಗತೊಡಗಿತು, ಕೆಳಗಿನ ಅರೆಯಲ್ಲಿ ಅಮ್ಮ ಈರುಳ್ಳಿ ಹರಡಿದರು. ನಮ್ಮ ಮನೆಯಲ್ಲಿ ಒಂದು ಜಾಗಕ್ಕೆ ಈರುಳ್ಳಿ ಬಂತೆಂದರೆ ಅದು ಖಾಯಂ.

ಗುರುವಾರ ಮುನಿರಾಜು ನನ್ನನ್ನು ಬದಿಗೆ ಕರೆದು ಹೇಳಿದರು: "ಸೋಮವಾರದಿಂದ ನಂಗೆ ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲ್ಸ ಮೇಡಂ. ನಲವತ್ತು ಫ್ಲ್ಯಾಟು. ಶನಿವಾರದೊಳಗೆ ಮಾಲು ಬಂದ್ರೆ ಅಂಟಿಸಿ, ಬಾಗ್ಲು ಕೂರಿಸಿ ಹೋಗ್ತೀನಿ. ಇಲ್ಲಾಂದ್ರೆ ಯುಗಾದಿ ಆದ್ಮೇಲೆ ನೋಡೋಣ."

ಆಗ ಆಗಸ್ಟ್ ತಿಂಗಳು.

ಹೀಗೆ ಶುಕ್ರವಾರ ಬೆಳಿಗ್ಗೆ ನಾವು ಮೂವರೂ ವೆನೀರ್ ಅಂಗಡಿಗಳಿರುವ ಕಲಾಸಿಪಾಳ್ಯಕ್ಕೆ ಹೊರಟೆವು. ನಾನು ಕಾಲೇಜಿಗೆ ರಜೆ ಹಾಕಿದೆ. ಅಪ್ಪ ಮನೆಯಲ್ಲೇ ಉಳಿದರು. ಮುನಿರಾಜುವಿಗೆ ಕಾಫಿ ಕೊಡಲು ಒಬ್ಬರು ಬೇಕಲ್ಲ ಎಂಬುದು ಅವರು ಕೊಟ್ಟ ಕಾರಣ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಅದಕ್ಕೆ ಮುಂಚೆ ಅಂಗಡಿಯೊಳಗೆ ಕಾಲಿಡಬೇಕು, ಅದು ಮುಗಿದ ಮೇಲೆ ಕೊಳ್ಳಬೇಕು. ಇದೊಂದರಲ್ಲಿ ಮಾತ್ರ ಅಮ್ಮನಿಗೂ ಅತ್ತೆಗೂ ಭಿನ್ನಾಭಿಪ್ರಾಯ ಇರಲಿಲ್ಲ.

ಮೊದಲ ತೊಡಕು ನಮ್ಮ ರಸ್ತೆಯ ಕೊನೆಯಲ್ಲೇ ಬಂತು. ಎಡಕ್ಕೆ ತಿರುಗಿದರೆ ಮೆಟ್ರೋ, ಬಲಕ್ಕೆ ತಿರುಗಿದರೆ ಬಸ್ ನಿಲ್ದಾಣ. ಅಮ್ಮ ಎಡಕ್ಕೆ ತಿರುಗಿದರು, ಅತ್ತೆ ಬಲಕ್ಕೆ. ನಾನು ನಡುವೆ ನಿಂತೆ.

"ವಸು, ನಿಮ್ಮತ್ತೆಗೆ ಹೇಳು, ಮೆಟ್ರೋದಲ್ಲಾದ್ರೆ ಕಾಲು ಗಂಟೆ" ಅಂದರು ಅಮ್ಮ.

"ನಿಮ್ಮಮ್ಮಂಗೆ ಹೇಳು" ಅಂದರು ಆಧಾರ್ ಕಾರ್ಡನ್ನು ಆಗಲೇ ಕೈಗೆ ತೆಗೆದುಕೊಂಡಿದ್ದ ಅತ್ತೆ, "ಗೌರ್ಮೆಂಟು ಹೆಂಗಸ್ರಿಗೆ ಬಸ್ ಫ್ರೀ ಮಾಡಿರೋದು ಮೆಟ್ರೋದಲ್ಲಿ ಹೋಗ್ಲಿ ಅಂತಲ್ಲ."

ಅಷ್ಟರಲ್ಲಿ ಮಾರ್ಕೆಟ್ ಬಸ್ಸೇ ಬಂದು ನಿಂತಿತು. ಅತ್ತೆ ಹತ್ತಿಬಿಟ್ಟರು. ನಿರ್ವಾಹಕಿ ಮೂವರಿಗೂ ಸೊನ್ನೆ ರೂಪಾಯಿಯ ಟಿಕೆಟು ಹರಿದು ಕೊಟ್ಟರು. ಅತ್ತೆ ತಮ್ಮದನ್ನು ಮಡಿಸಿ ಪರ್ಸಿನ ಒಳಜೇಬಿನಲ್ಲಿಟ್ಟರು, ಎಲ್ಲಿಯಾದರೂ ವಾಪಸ್ ಕೇಳಿಬಿಟ್ಟರೆ ಅನ್ನುವ ಹಾಗೆ. ಹೊರಗೆ ಜಿಟಿಜಿಟಿ ಮಳೆ. ಮೆಜೆಸ್ಟಿಕ್ಕಿನ ಹತ್ತಿರ ಬಸ್ಸು ನಿಂತಲ್ಲೇ ನಿಂತಿತು. ನನ್ನ ಎಡಗಡೆ ಅಮ್ಮ, ಬಲಗಡೆ ಅತ್ತೆ.

"ನಿಮ್ಮತ್ತೆಗೆ ಹೇಳು, ಇಷ್ಟೊತ್ತಿಗೆ ಮೆಟ್ರೋದಲ್ಲಿ ತಲುಪಿ ಕಾಫಿ ಕುಡೀಬಹುದಿತ್ತು."

"ನಿಮ್ಮಮ್ಮಂಗೆ ಹೇಳು, ಕಾಫಿ ಫ್ಲಾಸ್ಕಲ್ಲಿದೆ."

"ಸಕ್ರೆ ಹಾಕಿದಾರಾ ಕೇಳು."

ಮುಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ತಿರುಗಿ ನೋಡಿದರು. "ನೇರವಾಗೇ ಹೇಳ್ಬಿಡ್ರಮ್ಮ. ಪಾಪ, ಆ ಹುಡುಗಿ ಕುತ್ತಿಗೆ ಉಳುಕುತ್ತೆ."

ಇಬ್ಬರೂ ನನ್ನನ್ನು ನೋಡಿದರು, ನಾನೇ ಆಕೆಗೆ ಹೇಳಿಕೊಟ್ಟಿರಬೇಕೆಂಬಂತೆ. ನಾನು ಕಿಟಕಿಯಾಚೆ ನೋಡಿದೆ. ಬಸ್ಸಿನಲ್ಲಿ ಅಪರಿಚಿತರು ನಮ್ಮ ಮನೆಯ ವಿಷಯಕ್ಕೆ ಬರುವುದು ನನಗೆ ಹಿಡಿಸುವುದಿಲ್ಲ. ಆದರೆ ಆಕೆ ಹೇಳಿದ್ದು ಸರಿಯಾಗಿಯೇ ಇತ್ತು.

ಮಾರ್ಕೆಟ್ಟಿನಲ್ಲಿ ಇಳಿದಾಗ ಹತ್ತು ಗಂಟೆ ದಾಟಿತ್ತು. ಮಾಮೂಲ್‌ಪೇಟೆಗೆ ಹೋಗಿ ಬಾಗಿಲಿಗೆ ಹಿಡಿ ಕೊಳ್ಳುವ ಯೋಚನೆಯೂ ಇತ್ತು. ಅದನ್ನು ರಾಹು ನುಂಗಿತು. ಕೆಸರು ತಪ್ಪಿಸಿಕೊಂಡು ಕಲಾಸಿಪಾಳ್ಯದ ಕಡೆಗೆ ಬೇಗ ಬೇಗ ನಡೆದೆವು. ದಾರಿಯುದ್ದಕ್ಕೂ ತರಕಾರಿಯ ಮೂಟೆ ಬಿಚ್ಚುತ್ತಿದ್ದರು. ಒಂದು ಕಡೆ ಎಳೆ ಬೆಂಡೆಕಾಯಿ ಗುಡ್ಡೆ ಹಾಕಿದ್ದನ್ನು ಕಂಡು ಅಮ್ಮ, ಅತ್ತೆ ಇಬ್ಬರೂ ಒಟ್ಟಿಗೇ ನಿಂತರು. ಕೊಳ್ಳಲು ಸಮಯವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಬಗ್ಗಿ ಒಂದೊಂದನ್ನೇ ಎತ್ತಿ ತುದಿ ಮುರಿದು ನೋಡತೊಡಗಿದರು. ಟಕ್ಕೆಂದು ಮುರಿದದ್ದು ಬಲಕ್ಕೆ, ಬಾಗಿದ್ದು ಎಡಕ್ಕೆ. ಅವರ ಕೈಗಳ ವೇಗ ನೋಡಿದರೆ ಒಬ್ಬರೇ ಗುರುವಿನ ಹತ್ತಿರ ಕಲಿತವರಂತಿತ್ತು.

"ಮುರೀಬೇಡಿ ತಾಯಿ, ಎಲ್ಲಾ ಒಂದೇ ತೋಟದ್ದು" ಅಂದ ಮಾರುವವನು.

"ಒಂದೇ ತೋಟದ್ದಾದ್ರೆ ಎಲ್ಲಾ ಒಂದೇ ಥರ ಇರುತ್ತಾ?" ಅಂದರು ಅತ್ತೆ. ಅಮ್ಮ ತಲೆಯಾಡಿಸಿದರು.

ನಾವು ಹೋದ ಅಂಗಡಿ ಹೊರಗಿನಿಂದ ಬಾಗಿಲಿನಷ್ಟೇ ಅಗಲ, ಒಳಗೆ ಹೋದಷ್ಟೂ ಉದ್ದ. ಎರಡೂ ಪಕ್ಕದಲ್ಲಿ ವೆನೀರ್ ಹಾಳೆಗಳು ಗ್ರಂಥಾಲಯದ ಪುಸ್ತಕಗಳಂತೆ ನೆಟ್ಟಗೆ ನಿಂತಿದ್ದವು. ಮಾಲೀಕರು ಹಸ್ಮುಖ್‌ಭಾಯ್, ಅವರ ತಾತ ಕಛ್‌ನಿಂದ ಬಂದವರು, ಇವರು ಹುಟ್ಟಿ ಬೆಳೆದದ್ದು ಚಾಮರಾಜಪೇಟೆ.

"ಬನ್ನಿ ಆಂಟಿ, ಬನ್ನಿ" ಎಂದರು.

"ಆಂಟಿ ಯಾರಿಗೆ?" ಅಂದರು ಅತ್ತೆ. ತಮ್ಮ ತಲೆಯಲ್ಲಿದ್ದಷ್ಟೇ ನರೆ ಹಸ್ಮುಖ್‌ಭಾಯ್ ಮೀಸೆಯಲ್ಲೂ ಇದ್ದುದನ್ನು ಅತ್ತೆ ಗಮನಿಸಿದ್ದರು.

"ತಪ್ಪಾಯ್ತು ಅಮ್ಮ. ಏನು ತೋರಿಸ್ಲಿ?"

"ಎಲ್ಲಾ ತೋರ್ಸಿ. ಹನ್ನೆರಡರ ತನಕ ನೋಡ್ತೀವಿ ಅಷ್ಟೆ."

"ಗೊತ್ತಮ್ಮ. ಶುಕ್ರವಾರ ಈ ಹೊತ್ತಲ್ಲಿ ಬರೋರೆಲ್ಲ ನೋಡೋಕೇ ಬರೋದು. ನಾನೂ ಬಿಲ್ ಪುಸ್ತಕ ಮುಟ್ಟಲ್ಲ. ಕೂತ್ಕೊಳ್ಳಿ."

ಹೀಗೆ ರಾಹುವಿನ ಕೃಪೆಯಿಂದ ಒಂದೂವರೆ ಗಂಟೆ ನಮಗೆ ಜಗತ್ತಿನ ಮರಗಳೆಲ್ಲ ಮೆರವಣಿಗೆ ಹೊರಟು ದರ್ಶನ ಕೊಟ್ಟವು. ಹಸ್ಮುಖ್‌ಭಾಯ್ ಒಂದೊಂದೇ ಹಾಳೆಯನ್ನು ಅರ್ಧ ಎಳೆದು, ಹೆಸರು ಹೇಳಿ, ಒಳಗೆ ತಳ್ಳುತ್ತಿದ್ದರು. ಮೊದಲು ಜೀಬ್ರಾನೋ: ತಿಳಿಹಳದಿಯ ಮೇಲೆ ಕಡುಕಂದು ಪಟ್ಟೆ, ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ.

"ಜಮಖಾನ" ಅಂದರು ಅಮ್ಮ.

ಆಮೇಲೆ ಆಫ್ರಿಕದ ವೆಂಗೆ. ಕಪ್ಪೆನ್ನಲು ಒಂದು ಕೂದಲೆಳೆಯಷ್ಟು ಕಡಿಮೆ. ಹತ್ತಿರ ಹೋದರೆ ಮಾತ್ರ ಒಳಗೆ ಕಂದು ಗೆರೆಗಳು ಕಾಣುತ್ತವೆ. "ಇದು ಅಂಟಿಸಿದ್ರೆ ಹಜಾರದಲ್ಲಿ ಹಗಲೇ ಲೈಟ್ ಹಾಕ್ಬೇಕು" ಅಂದರು ಅತ್ತೆ. ಅದು ಅಮ್ಮನಿಗೆ ಹೇಳಿದ್ದಲ್ಲ, ಗಾಳಿಗೆ ಹೇಳಿದ್ದು. ಮೇಪಲ್ ಬಂತು, ಹಾಲಿನ ಕೆನೆಯ ಬಣ್ಣ, ಮೈತುಂಬ ಸಾಸಿವೆ ಗಾತ್ರದ ಕಣ್ಣುಗಳು. "ಈ ಕಣ್ಣಿಗೇ ರೇಟು ಜಾಸ್ತಿ ಅಮ್ಮ" ಅಂದರು ಹಸ್ಮುಖ್‌ಭಾಯ್. "ಅಷ್ಟು ಕಣ್ಣು ನಮ್ಮನ್ನ ನೋಡ್ತಾ ಇದ್ರೆ ಊಟ ಹೇಗ್ರೀ ಸೇರುತ್ತೆ?" ಅಂದರು ಅಮ್ಮ, ಗಾಳಿಗೇ. ವಾಲ್‌ನಟ್ಟನ್ನು ಇಬ್ಬರೂ ಸ್ವಲ್ಪ ಹೊತ್ತು ನೋಡಿದರು. ಕಾಫಿಗೆ ಹಾಲು ಎಷ್ಟು ಬೆರೆಸಿದರೆ ಅಷ್ಟೂ ಬಣ್ಣ ಅದರಲ್ಲಿತ್ತು. ಬಿಸಿಲಿಗೆ ಬಿದ್ದರೆ ವರ್ಷಗಳು ಕಳೆದಂತೆ ಅದು ತಿಳಿಯಾಗುತ್ತದೆಂದು ಹಸ್ಮುಖ್‌ಭಾಯ್ ಪ್ರಾಮಾಣಿಕವಾಗಿ ಹೇಳಿದರು. ಮಾಸುವ ಮರವನ್ನು ದುಡ್ಡು ಕೊಟ್ಟು ತರಲು ಇಬ್ಬರೂ ತಯಾರಿರಲಿಲ್ಲ.

ಮಧ್ಯದಲ್ಲಿ ಒಂದು ಹಾಳೆ ಬಂತು. ಅದರ ಹೆಸರು ಹೇಳಿದ ಕೂಡಲೇ ಅಮ್ಮ ಮುಖ ತಿರುಗಿಸಿದರು: ಸಿಲ್ವರ್ ಓಕ್. ನಮ್ಮ ರಸ್ತೆಯಲ್ಲೇ ಮೂರು ಮರಗಳಿವೆ. ಪ್ಯಾಕಿಂಗ್ ಪೆಟ್ಟಿಗೆಯ ಮರವೆಂದು ಅದಕ್ಕೆ ಮರ್ಯಾದೆಯಿಲ್ಲ. ಆದರೆ ದಿಮ್ಮಿಯನ್ನು ನಾಲ್ಕು ಹೋಳು ಮಾಡಿ, ತಿರುಳಿನಿಂದ ತೊಗಟೆಯ ಕಡೆಗೆ ಸೀಳಿದರೆ, ಮರದೊಳಗೆ ಅಡ್ಡಲಾಗಿ ಓಡುವ ಕಿರಣಗಳು ಹಾಳೆಯ ಮೇಲೆ ಬಿಚ್ಚಿಕೊಳ್ಳುತ್ತವೆ. ತಿಳಿಗುಲಾಬಿ ಮೈಮೇಲೆ ಯಾರೋ ಅವಲಕ್ಕಿ ಚೆಲ್ಲಿದ ಹಾಗೆ ಮಿನುಗುವ ಚುಕ್ಕೆಗಳು. ಇದನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಸೂಕ್ಷ್ಮದರ್ಶಕದ ಕೆಳಗೆ ತೋರಿಸುತ್ತೇನೆ. ಎಂಟಡಿ ಎತ್ತರದಲ್ಲಿ ನೋಡಿದ್ದು ಅದೇ ಮೊದಲು. ನಾನು ಬೆರಳ ತುದಿಯಿಂದ ಮುಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡೆ.

"ನಿಮಗಾ ಮೇಡಂ ಕೋಣೆ?" ಎಂದು ಹಸ್ಮುಖ್‌ಭಾಯ್ ಕೇಳಿದರು.

ಹೌದೆಂದೆ. ಆ ಮೂರು ವಾರಗಳಲ್ಲಿ ಈ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಹನ್ನೊಂದೂವರೆಯ ಸುಮಾರಿಗೆ ಬೀಟೆಯ ಸರದಿ ಬಂತು. ಅತ್ತೆ ನೆಟ್ಟಗೆ ಕೂತರು. ಹಸ್ಮುಖ್‌ಭಾಯ್ ಎಳೆದ ಹಾಳೆ ನೇರಳೆಗಪ್ಪಾಗಿ, ಸಮನಾದ ಕರಿಗೆರೆಗಳಿಂದ ಬಹಳ ಚೆನ್ನಾಗಿತ್ತು. ಅತ್ತೆ ಡಬ್ಬಿಯ ಮುಚ್ಚಳ ತೆಗೆದು, ಕರವಸ್ತ್ರದಿಂದ ಒಂದು ಮೂಲೆ ಒರೆಸಿದರು. ಬಣ್ಣ ಗಾಢವಾಗಿ ಎದ್ದು ಬಂತು. ಹಸ್ಮುಖ್‌ಭಾಯ್ ಎರಡು ಸಲ ಸೀನಿದರು.

"ಬರೀ ನೀರು ತಾನೇ ಅಮ್ಮ?"

"ಬರೀ ನೀರು" ಅಂದರು ಅತ್ತೆ. "ಇದರ ಜೊತೆಗಿರೋದು ತೋರ್ಸಿ."

ಇನ್ನೊಂದು ಹಾಳೆ ಹೊರಬಂತು. ಅದೇ ಗೆರೆ, ಅದೇ ಜಾಗದಲ್ಲಿ ಅದೇ ತಿರುವು. ಮೂರನೆಯದೂ ಹಾಗೇ. ಅಂಚೆ ಕಚೇರಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಸಹಿಗಳನ್ನು ತಾಳೆ ನೋಡಿದ ಕಣ್ಣು ಅತ್ತೆಯದು. "ಇದೇನ್ರೀ, ಮುದ್ರೆ ಒತ್ತಿದ ಹಾಗಿದೆ?"

"ಇದು ರೀಕಾನ್ ಅಮ್ಮ. ಮೆತ್ತಗಿರೋ ಮರಾನ ಸೀಳಿ, ಬಣ್ಣದಲ್ಲಿ ಅದ್ದಿ, ಅಂಟಿಸಿ ಒಂದು ದಿಮ್ಮಿ ಮಾಡಿ, ಮತ್ತೆ ಸೀಳ್ತಾರೆ. ಎಷ್ಟು ಹಾಳೆ ಬೇಕಾದ್ರೂ ಒಂದೇ ಥರ ಸಿಗುತ್ತೆ."

"ಅಂದ್ರೆ ಬೀಟೆ ಅಲ್ಲ."

"ಬೀಟೆ ಥರ."

ನಿಜವಾದ ಬೀಟೆಯನ್ನೂ ಅವರು ಒಳಗಿನಿಂದ ತಂದು ತೋರಿಸಿದರು. ಅದರಲ್ಲಿ ಯಾವ ಗೆರೆಯೂ ಇನ್ನೊಂದರ ಮಾತು ಕೇಳಿರಲಿಲ್ಲ. ದರ ಕೇಳಿ ಅತ್ತೆ ಹಾಳೆಯನ್ನು ನಿಧಾನವಾಗಿ ಒಂದು ಸಲ ಸವರಿದರು. ಕರವಸ್ತ್ರವನ್ನು ಮಡಿಸಿ ಡಬ್ಬಿಗೆ ಹಾಕಿದರು. ಮುಚ್ಚಳ ಒತ್ತಿದ ಸದ್ದು ಅಂಗಡಿಗೆಲ್ಲ ಕೇಳಿಸಿತು. ಅಮ್ಮ ಆ ಕ್ಷಣ ಏನೂ ಹೇಳಲಿಲ್ಲ. ಅದಕ್ಕಾಗಿ ನಾನು ಅಮ್ಮನನ್ನು ಈಗಲೂ ಮೆಚ್ಚುತ್ತೇನೆ.

ಹನ್ನೆರಡು ಹೊಡೆಯಿತು. "ಈಗ ನೋಡೋಣ, ಇವಳ ತೇಗ ಎಷ್ಟು ಚೆನ್ನಾಗಿದೆ ಅಂತ" ಎಂದು ಅತ್ತೆ ಎದ್ದರು. ಮರದ ವಿಷಯದಲ್ಲಿ ಸೋತವರು ಈಗ ತಪಾಸಣಾಧಿಕಾರಿಯಾಗಿ ಬದಲಾಗಿದ್ದರು.

ತೇಗ ನಾಲ್ಕು ಕಟ್ಟುಗಳಲ್ಲಿತ್ತು, ಒಂದೊಂದು ಕಟ್ಟು ಒಂದೊಂದು ದಿಮ್ಮಿಯದು. ಮೊದಲನೆಯದು ಜೇನಿನ ಬಣ್ಣ, ಮಳೆ ಸುರಿದ ಹಾಗೆ ನೇರ ಗೆರೆ. ಎರಡನೆಯದನ್ನು ದಿಮ್ಮಿ ಮಲಗಿಸಿ ಸೀಳಿದ್ದರಿಂದ ಗುಡ್ಡದ ಮೇಲೆ ಗುಡ್ಡ ಏರಿದ ಚಿತ್ರ. ಮೂರನೆಯದರಲ್ಲಿ ಕಪ್ಪು ಎಳೆಗಳು. ನಾಲ್ಕನೆಯದು ಎಣ್ಣೆ ಹಚ್ಚಿದಂಥ ಕಂದು. ಹಸ್ಮುಖ್‌ಭಾಯ್ ಹಾಳೆಗಳ ಅಂಚಿನ ಮೇಲಿದ್ದ ಸಂಖ್ಯೆಗಳನ್ನು ತೋರಿಸಿದರು.

"ಒಂದು ಕಟ್ಟಲ್ಲಿರೋದೆಲ್ಲ ಒಂದೇ ದಿಮ್ಮೀದು ಅಮ್ಮ, ಒಂದಾದ್ಮೇಲೆ ಒಂದು ಸೀಳಿರೋದು. ಒಂದೇ ಕಟ್ಟಿಂದ ನಾಲ್ಕೂ ಸಾಲಾಗಿ ತಗೊಳ್ಳಿ. ಬಾಗಿಲು ನಾಲ್ಕಾದ್ರೂ ಒಂದೇ ಮರ ನಿಂತ ಹಾಗೆ ಕಾಣುತ್ತೆ."

ಅತ್ತೆ ಮೊದಲನೆಯ ಕಟ್ಟನ್ನು ಇಣುಕಿ ನೋಡಿದರು. "ಇದು ಚೆನ್ನಾಗಿದೆ. ಇದರ ಪಕ್ಕದ್ದು ಅ‍ಷ್ಟಿಲ್ಲ, ಮೂಲೇಲಿ ಗಂಟಿದೆ. ಅಂದ್ರೆ ಒಂದು ಒಳ್ಳೇದರ ಜೊತೆ ಮೂರು ಹೀಗಿರೋದನ್ನ ಸೇರಿಸಿ ಕಳಿಸ್ತೀರಿ."

ಆಗ ಅಮ್ಮ, ಮೂರು ವಾರದಲ್ಲಿ ಮೊದಲ ಬಾರಿಗೆ, ನನ್ನ ಕಡೆ ನೋಡದೆ ಹೇಳಿದರು: "ಕಟ್ಟು ಕೊತ್ತಂಬರಿ ಸೊಪ್ಪಿನ ಥರ ಅತ್ತಿಗೆ. ಮೇಲೆ ಹಸಿರು, ಬಿಚ್ಚಿದ್ರೆ ಒಳಗೆಲ್ಲ ಹಳದಿ."

"ಅದೇ ನಾನು ಹೇಳಿದ್ದು ಸರೋಜ! ಅದೇ!"

ಮುಂದಿನದನ್ನು ನಿಲ್ಲಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಇಬ್ಬರೂ ಸೆರಗು ಸಿಕ್ಕಿಸಿ ನಾಲ್ಕೂ ಕಟ್ಟುಗಳಿಗೆ ಇಳಿದರು. ಡಬ್ಬಿ ಮತ್ತೆ ತೆರೆಯಿತು. ಅತ್ತೆ ಒರೆಸುವುದು, ಅಮ್ಮ ಬೆರಳಿನಿಂದ ತಟ್ಟುವುದು. "ಇದು ಬೇಡ, ಬಿಳಚಿಕೊಂಡಿದೆ." "ಇದರ ಗುಡ್ಡ ನೋಡಿ ಅತ್ತಿಗೆ, ಎಷ್ಟು ಲಕ್ಷಣವಾಗಿದೆ." "ಎತ್ತಿಡು ಎತ್ತಿಡು." ಒಂದೊಂದು ಕಟ್ಟಿನಿಂದಲೂ ಅತ್ಯುತ್ತಮವಾದ ಒಂದೊಂದು ಹಾಳೆ ಹೊರಗೆ ಬಂತು. ಹಸ್ಮುಖ್‌ಭಾಯ್ ಇನ್ನೆರಡು ಸಲ ವಿವರಿಸಿ ನೋಡಿದರು, ನಡುನಡುವೆ ಸೀನಿದರು, ಕೊನೆಗೆ ಸಹಾಯಕ್ಕಾಗಿ ನನ್ನನ್ನು ನೋಡಿದರು.

ಅವರು ಹೇಳುತ್ತಿದ್ದುದು ಸರಿಯೆಂದು ನನಗೆ ಗೊತ್ತಿತ್ತು. ನಾಲ್ಕು ದಿಮ್ಮಿಯ ನಾಲ್ಕು ಹಾಳೆ ಪಕ್ಕಪಕ್ಕ ನಿಂತರೆ, ಒಂದೇ ಫೋಟೋದಲ್ಲಿ ನಾಲ್ಕು ಮದುಮಕ್ಕಳನ್ನು ನಿಲ್ಲಿಸಿದ ಹಾಗಾಗುತ್ತದೆ. ಒಬ್ಬೊಬ್ಬರೂ ಚಂದ, ಒಟ್ಟಿಗೆ ನೋಡಲಾಗದು. ನಾನು ಬಾಯಿ ತೆರೆದೆ. ಅಮ್ಮ ಏನೋ ಹೇಳಿದ್ದಕ್ಕೆ ಅತ್ತೆ ಆ ಹೊತ್ತಿಗೆ ಗಟ್ಟಿಯಾಗಿ ನಕ್ಕರು. ಈಗ ನಾನು ತಪ್ಪೆಂದರೆ, ತಪ್ಪು ಯಾರದೆಂಬ ಮಾತು ಏಳುತ್ತದೆ. ಅದರ ಹಿಂದೆಯೇ ಬೀಟೆ ಏಳುತ್ತದೆ, ಅದರ ಹಿಂದೆ ಆ ಕುರ್ಚಿ. ಸೋಮವಾರ ಮುನಿರಾಜು ಹೋಗಿಬಿಡುತ್ತಾರೆ. ನನಗೆ ಬೇಕಾಗಿದ್ದದ್ದು ಚಂದದ ಗೋಡೆಯಲ್ಲ, ಗೋಡೆ. ನಾನು ಬಾಯಿ ಮುಚ್ಚಿದೆ.

ಅವರಿಬ್ಬರೂ ಕೈ ತೊಳೆಯಲು ಹಿಂದಕ್ಕೆ ಹೋದಾಗ ನಾನು ಹಸ್ಮುಖ್‌ಭಾಯ್ ಹತ್ತಿರ ಹೋಗಿ, ಸಿಲ್ವರ್ ಓಕಿನ ಮೂರು ಹಾಳೆ ಬೇಕೆಂದೆ. ಗೋಡೆಯ ಹಿಂಭಾಗಕ್ಕೆ, ಎಂದರೆ ನನ್ನ ಕೋಣೆಯ ಕಡೆಗೆ, ಬಿಳಿ ಪೇಂಟು ಸಾಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಒಳಗಡೆ ಯಾರು ನೋಡುತ್ತಾರೆ ಎಂದು ಅಮ್ಮ ಕೇಳಿದ್ದರು.

"ಮೂರು ಆರಿಸಿಕೊಳ್ತೀರಾ ಮೇಡಂ?" ಅವರ ದನಿಯಲ್ಲಿ ಆಯಾಸವಿತ್ತು.

"ಇಲ್ಲ. ಸಾಲಾಗಿ ಕೊಡಿ."

ಅವರು ನನ್ನ ಕೈ ಕುಲುಕುವುದೊಂದು ಬಾಕಿ. ಮೂರನ್ನೂ ಮುಖ ಕೆಳಗೆ ಮಾಡಿ, ತೇಗದ ಅಡಿಯಲ್ಲಿ ಸೇರಿಸಿ ಕಟ್ಟಿದರು.

ಹಿಂದಿರುಗುವಾಗ ಅಮ್ಮ, ಅತ್ತೆ ಇಬ್ಬರೂ ಬಸ್ಸಿನಲ್ಲಿ ಬರುತ್ತೇವೆಂದರು. ಬೆಂಡೆಕಾಯಿಯನ್ನೂ ಕೊಂಡು ಬರುವುದಿತ್ತು. ನನ್ನನ್ನು ಮಾಲಿನ ಜೊತೆ ಲಗೇಜ್ ಆಟೋದಲ್ಲಿ ಕೂರಿಸಿದರು. ಮಲ್ಲೇಶ್ವರಕ್ಕೆ ಆರುನೂರು ರೂಪಾಯಿ. ಹಾಳೆಗಳ ಮೇಲೆ ನೀಲಿ ಪ್ಲಾಸ್ಟಿಕ್ ಹೊದಿಸಿ ಹಗ್ಗ ಬಿಗಿದಿದ್ದರೂ ಟೌನ್ ಹಾಲ್ ಹತ್ತಿರ ಗಾಳಿ ಒಳಹೊಕ್ಕು ಇಡೀ ಹೊರೆ ಹಪ್ಪಳದಂತೆ ಪಟಪಟ ಬಡಿಯಿತು. ಚಾಲಕ ಗಾಡಿ ನಿಲ್ಲಿಸಿ ಹಗ್ಗ ಬಿಗಿ ಮಾಡುವಾಗ ಒಳಗೆ ಇಣುಕಿ ನೋಡಿದರು.

"ನಾಲ್ಕೂ ಬೇರೆ ಬೇರೆ ಮನೆಗಾ ಮೇಡಂ?"

"ಒಂದೇ ಮನೆಗೆ."

"ಓ" ಅಂದು ಹಗ್ಗ ಕಟ್ಟಿ ಗಾಡಿ ಹೊರಡಿಸಿದರು. "ಜಾಯಿಂಟ್ ಫ್ಯಾಮಿಲೀನಾ?"

ಹೌದೆಂದೆ.

ಸಂಜೆ ಮುನಿರಾಜು ನಾಲ್ಕೂ ಹಾಳೆಗಳನ್ನು ಹಜಾರದ ಗೋಡೆಗೆ ಸಾಲಾಗಿ ಒರಗಿಸಿದರು. ಎರಡು ಹೆಜ್ಜೆ ಹಿಂದೆ ಬಂದರು. ಇನ್ನೆರಡು ಹೆಜ್ಜೆ ಹಿಂದೆ ಬಂದರು. ಅವರ ಬೆನ್ನಿಗೆ ಟಿವಿ ತಗುಲಿತು.

"ಯಾರಮ್ಮ ಆರಿಸಿದ್ದು ಇದನ್ನ? ನಾಲ್ಕು ಬಾಗ್ಲಿಗೆ ನಾಲ್ಕು ಮರ!"

ಅಮ್ಮ ನೋಡಿದರು, ಅತ್ತೆ ನೋಡಿದರು. ಅಂಗಡಿಯ ಮಬ್ಬಿನಲ್ಲಿ ಒಂದೊಂದಾಗಿ ಕಂಡದ್ದು ಇಲ್ಲಿ ಟ್ಯೂಬ್‌ಲೈಟಿನ ಕೆಳಗೆ ಒಟ್ಟಿಗೆ ನಿಂತಿತ್ತು. ಅಪ್ಪ ಪತ್ರಿಕೆ ಸರಿಸಿ ನೋಡಿ, ಪತ್ರಿಕೆಯನ್ನು ಮತ್ತೆ ಮೇಲಕ್ಕೆತ್ತಿಕೊಂಡರು.

"ಅಂಗಡಿಯೋನು ಒಂದು ಮಾತು ಹೇಳಬಾರ್ದಾ?" ಅಂದರು ಅತ್ತೆ.

"ಬಾಯೇ ಬಿಡ್ಲಿಲ್ಲ ನೋಡಿ ಅತ್ತಿಗೆ" ಅಂದರು ಅಮ್ಮ. ಆಮೇಲೆ ಇಬ್ಬರಿಗೂ ಒಟ್ಟಿಗೇ ನನ್ನ ನೆನಪಾಯಿತು. "ನೀನು ಯಾಕೆ ಹೇಳ್ಲಿಲ್ಲ ವಸು? ಬಾಟನಿ ಓದಿದೀಯಲ್ಲ?"

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ. ಮರುದಿನ ಬೆಳಿಗ್ಗೆಯೇ ಮತ್ತೆ ಕಲಾಸಿಪಾಳ್ಯಕ್ಕೆ ಹೋಗುವುದು, ಬದಲಿಸಿಕೊಡುತ್ತಾನೋ ಇಲ್ಲವೋ ಮೊದಲು ಬರಿಗೈಯಲ್ಲಿ ಹೋಗಿ ಕೇಳುವುದು, ಆಮೇಲೆ ಹಾಳೆಗಳನ್ನು ಸಾಗಿಸುವುದು ಎಂದು ನಿಶ್ಚಯವಾಯಿತು. ಒದ್ದೆ ಮಾಡಿ, ಇಂಗು ಮೆತ್ತಿದ ಹಾಳೆಗಳನ್ನು ಹಸ್ಮುಖ್‌ಭಾಯ್ ಹಿಂದಕ್ಕೆ ತೆಗೆದುಕೊಳ್ಳುತ್ತಾರೆಂದು ನನಗನ್ನಿಸಲಿಲ್ಲ.

"ಹೇಗೂ ಹೋಗ್ತೀವಲ್ಲ ಸರೋಜ" ಅಂದರು ಅತ್ತೆ, ತುಸು ಮೆತ್ತಗೆ. "ಆ ಒರಿಜಿನಲ್ ಬೀಟೇನ ಇನ್ನೊಂದ್ಸಲ ನೋಡ್ಕೊಂಡು ಬರೋಣ."

"ನೋಡೋದಕ್ಕೇನಂತೆ ಅತ್ತಿಗೆ, ನೋಡೋಣ. ತಗೊಳ್ಳೋದು ಮಾತ್ರ ತೇಗ."

ಅತ್ತೆ ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತಿದರು. ಬೀಟೆಯ ಜಗಳ ಮುಗಿದಿಲ್ಲವೆಂದು ನನಗೆ ಗೊತ್ತಾಯಿತು. ಮುನಿರಾಜು ತಮ್ಮ ಚೀಲಕ್ಕೆ ಉಳಿ, ಸುತ್ತಿಗೆ ಹಾಕಿಕೊಳ್ಳುತ್ತಾ ನನಗೆ ಮಾತ್ರ ಕೇಳಿಸುವಂತೆ, "ನಾಳೆ ಒಂದೇ ದಿನ ಮೇಡಂ" ಅಂದರು.

ಶನಿವಾರ ಅವರಿಬ್ಬರೂ ಒಂಬತ್ತರ ರಾಹುಕಾಲಕ್ಕೆ ಮೊದಲೇ ಹೊರಟರು. ದಾರಿಯಲ್ಲಿ ಇಳಿದು ಮಸಾಲೆ ದೋಸೆ ತಿಂದುಕೊಂಡು ಹೋಗುವ ಆಲೋಚನೆಯೂ ಇತ್ತು. ಒಂದು ವಾರದ ಹಿಂದೆ ಒಂದೇ ಬಾಣಲೆಯ ಒಗ್ಗರಣೆಯನ್ನೂ ಹಂಚಿಕೊಳ್ಳದಿದ್ದವರು. ನನ್ನನ್ನು ಕರೆಯಲಿಲ್ಲ. "ನೀನು ಬಂದು ಏನು ಪ್ರಯೋಜನ, ಬಾಯೇ ಬಿಡಲ್ಲ" ಅಂದರು ಅತ್ತೆ, ಚಪ್ಪಲಿ ಮೆಟ್ಟುತ್ತಾ. ಗೇಟಿನ ತನಕ ಇಬ್ಬರ ಮಾತು ಕೇಳಿಸುತ್ತಿತ್ತು, ಆಮೇಲೆ ಬೀದಿಯಲ್ಲೂ ಸ್ವಲ್ಪ ಹೊತ್ತು ಕೇಳಿಸಿತು.

ಮುನಿರಾಜು ಬಂದಾಗ ನಾನು ನಾಲ್ಕು ಹಾಳೆಗಳ ಜಾಗ ಬದಲಿಸಿ ನಿಲ್ಲಿಸಿದ್ದೆ. ನೇರ ಗೆರೆಯ ಜೇನುಬಣ್ಣದ್ದು ನಾನು ಓಡಾಡುವ ಬಾಗಿಲಿಗೆ. ಉಳಿದ ಮೂರು ತಿಳಿಯಿಂದ ಗಾಢದ ಕಡೆಗೆ. ಹೊಂದಿಕೆ ಬಂದಿರಲಿಲ್ಲ, ಬೇಕೆಂದೇ ಹೀಗೆ ಮಾಡಿದ್ದಾರೆ ಎಂದು ನೋಡುವವರು ನಂಬಬಹುದಾದಷ್ಟು ಧೈರ್ಯ ಮಾತ್ರ ಬಂದಿತ್ತು. ಹಿಂದಿನ ದಿನವೇ ಮಂಚದ ಹಿಂದೆ ಸರಿಸಿಟ್ಟಿದ್ದ ಸಿಲ್ವರ್ ಓಕಿನ ಮೂರನ್ನು ಗೋಡೆಯ ಹಿಂಭಾಗದಲ್ಲಿ ಸಾಲಾಗಿ ಇಟ್ಟಿದ್ದೆ.

"ಅಂಟಿಸಿ" ಅಂದೆ.

ಅವರು ಹಾಳೆಗಳನ್ನು ನೋಡಿದರು, ಬಾಗಿಲ ಕಡೆ ನೋಡಿದರು. "ಅಮ್ಮಾವ್ರು ಬರೋದು ಬೇಡ್ವಾ? ಇದು ಒಂದ್ಸಲ ಹಿಡ್ಕೊಂಡ್ರೆ ಮುಗೀತು ಮೇಡಂ. ಕೀಳಕ್ಕೆ ಹೋದ್ರೆ ಹಾಳೆ ಹರಿದು ಬರುತ್ತೆ."

"ಗೊತ್ತು."

"ಬಂದು ಬೈತಾರೆ."

"ಬೈಲಿ. ಬಾಗ್ಲಿನ ಆ ಕಡೆಯಿಂದ ಬೈಲಿ. ಮೊದ್ಲು ಬಾಗ್ಲು ಮಾಡಿ."

ಮುನಿರಾಜು ನಗಲಿಲ್ಲ. ಮೀಸೆ ಸರಿ ಮಾಡಿಕೊಂಡು, ಅಂಟಿನ ಡಬ್ಬಿಯ ಮುಚ್ಚಳವನ್ನು ಉಳಿಯ ತುದಿಯಿಂದ ಎಬ್ಬಿಸಿದರು. ಬಾಗಿಲಿಗೂ ಹಾಳೆಯ ಬೆನ್ನಿಗೂ ಹಳದಿ ಅಂಟು ಬಳಿದು, ಒಣಗಲು ಕಾಲು ಗಂಟೆ ಬಿಟ್ಟರು. ನಾವು ಕಾಫಿ ಕುಡಿದೆವು. ಆಮೇಲೆ ಅಪ್ಪ ಪತ್ರಿಕೆ ಮಡಿಸಿಟ್ಟು ಎದ್ದು ಬಂದರು. ಹಾಳೆಯ ಒಂದು ಮೂಲೆ ಹಿಡಿದುಕೊಂಡರು. ಇನ್ನೊಂದು ಮೂಲೆ ನಾನು ಹಿಡಿದೆ.